ಹಿತ್ತಾಳೆಯ ತಿರುಪು ಹಿಡಿದ ಶ್ರುತಿ

ನಮ್ಮೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಮಗ್ಗುಲಿಗೆ ಹಿಟ್ಟಿನ ಗಿರಣಿಯನ್ನೂ ಇನ್ನೊಂದು ಮಗ್ಗುಲಿಗೆ ಸೈಕಲ್ ಅಂಗಡಿಯನ್ನೂ ನೆರೆಯಾಗಿ ಪಡೆದು, ಅವೆರಡರ ಸದ್ದಿನ ನಡುವೆಯೂ ತನ್ನದೊಂದು ಸಣ್ಣ ಸ್ವರವನ್ನು ಉಳಿಸಿಕೊಂಡಿದ್ದ ರೇಡಿಯೊ ರಿಪೇರಿ ಅಂಗಡಿಯೊಂದು ನನ್ನ ಬಾಲ್ಯಕಾಲದಲ್ಲಿ ಇದ್ದಿತು. ಅದರ ಯಜಮಾನರನ್ನು ಊರವರೆಲ್ಲ ರೇಡಿಯೊ ಮೇಷ್ಟ್ರೆಂದೇ ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲಿಯೂ ಪಾಠ ಹೇಳಿದವರಲ್ಲ. ಆದರೆ ಬಾಗಿಲಲ್ಲಿ ನಿಂತು ನೋಡುವ ಹುಡುಗರನ್ನು ಗದರದೆ, ಕೇಳಿದ ಪ್ರಶ್ನೆಗೆ ಕೈಯ ಕೆಲಸವನ್ನು ನಿಲ್ಲಿಸಿ ಉತ್ತರ ಹೇಳುತ್ತಿದ್ದುದರಿಂದ ಆ ಹೆಸರು ಅವರಿಗೆ ಸಲ್ಲುತ್ತಿದ್ದಿತು. ಅವರ ಮೇಜಿನ ಮೇಲೆ ಹರಡಿರುತ್ತಿದ್ದ ಉಪಕರಣಗಳಲ್ಲೆಲ್ಲ ನನ್ನ ಮನಸ್ಸನ್ನು ಬಹುವಾಗಿ ಸೆಳೆದದ್ದು ಗೇಣುದ್ದದ ಒಂದು ಬಿದಿರಿನ ಕಡ್ಡಿ. ಅದರ ಒಂದು ತುದಿಗೆ ಹಿತ್ತಾಳೆಯ ತಿರುಪಿನ, ಎಂದರೆ ಸ್ಕ್ರೂವಿನ, ತುಂಡೊಂದನ್ನೂ, ಇನ್ನೊಂದು ತುದಿಗೆ ಹಳೆಯ ಕಾಯಿಲಿನಿಂದ ಕಳಚಿದ ಕಪ್ಪು ಫೆರೈಟ್ ತುಣುಕನ್ನೂ ಅವರು ಅರಗಿನಿಂದ ಅಂಟಿಸಿಕೊಂಡಿದ್ದರು.

ಧ್ವನಿ ಕುಗ್ಗಿದ ರೇಡಿಯೊ ಬಂದಿತೆಂದರೆ ಅವರು ಅದರ ಬೆನ್ನಿನ ಹಲಗೆಯನ್ನು ಬಿಚ್ಚಿ, ದೂರದ ನಿಲಯವೊಂದನ್ನು ಹಿಡಿದು, ಕಡ್ಡಿಯ ಹಿತ್ತಾಳೆಯ ತುದಿಯನ್ನು ಕಾಯಿಲಿನ ಪೊಳ್ಳಿನೊಳಕ್ಕೆ ಮೆಲ್ಲನೆ ಇಳಿಸುವರು. ಧ್ವನಿ ಏರಿದರೆ, “ನೋಡಪ್ಪಾ, ಇದಕ್ಕೆ ಹೆಚ್ಚಾಗಿದೆ” ಎನ್ನುವರು. ಏರದೆ ತಗ್ಗಿದರೆ ಕಡ್ಡಿಯನ್ನು ಹೊರಳಿಸಿ ಫೆರೈಟಿನ ತುದಿಯನ್ನು ಇಳಿಸುವರು. ಆಗ ಧ್ವನಿ ಏರಿದರೆ, “ಇದಕ್ಕೆ ಕಡಿಮೆಯಾಗಿದೆ” ಎನ್ನುವರು. ಎರಡು ತುದಿಗಳಿಗೂ ಧ್ವನಿ ತಗ್ಗಿತೆಂದರೆ ಆ ಕಾಯಿಲು ಸರಿಯಾಗಿಯೇ ಇದೆಯೆಂದೂ ರೋಗವನ್ನು ಬೇರೆಡೆಯಲ್ಲಿ ಅರಸಬೇಕೆಂದೂ ತೀರ್ಮಾನವಾಗುತ್ತಿದ್ದಿತು. ಹಿಂದಿನ ಕಾಲದ ರೇಡಿಯೊ ಕೆಲಸಗಾರರು ಲೋಕದಾದ್ಯಂತ ಇಂತಹ ಕಡ್ಡಿಯನ್ನು ಇಟ್ಟುಕೊಂಡಿದ್ದರೆಂಬುದು ನನಗೆ ತಿಳಿದುದು ಬಹುಕಾಲದ ಮೇಲೆ. ಹೆಚ್ಚಾದುದು ಯಾವುದು, ಕಡಿಮೆಯಾದುದು ಯಾವುದು ಎಂಬುದು ಅರ್ಥವಾದದ್ದಾದರೋ, ನಾನೇ ತಂತಿ ಸುತ್ತಲು ಕುಳಿತಾಗ. ಕಡ್ಡಿಯ ತುದಿಯಲ್ಲಿ ರೋಗವನ್ನು ಹೇಳುವ ಹಿತ್ತಾಳೆಯೇ ತಿರುಪಾಗಿ ಕಾಯಿಲಿನ ಬಾಯಲ್ಲಿ ನೆಲೆನಿಂತಾಗ ಆ ರೋಗಕ್ಕೆ ಮದ್ದೂ ಆಗುತ್ತದೆ. ಆ ತಿರುಪಿನ ಗುಣವನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಸುರುಳಿ ಮತ್ತು ಧಾರಕ

ಕಾಯಿಲು ಎನ್ನುವ ತಂತಿಯ ಸುರುಳಿಯೊಂದನ್ನೂ ಧಾರಕ ಎನ್ನುವ ಕೆಪಾಸಿಟರೊಂದನ್ನೂ ಜೊತೆಗೂಡಿಸಿದರೆ, ಅವುಗಳ ನಡುವೆ ವಿದ್ಯುತ್ತು ತೊಟ್ಟಿಲಿನಂತೆ ಅತ್ತಿಂದಿತ್ತ ತೂಗತೊಡಗುತ್ತದೆ. ಕೆಪಾಸಿಟರಿನಲ್ಲಿ ವಿದ್ಯುತ್ ಕ್ಷೇತ್ರವಾಗಿ ಅಡಗಿದ್ದ ಶಕ್ತಿಯು ಸುರುಳಿಗೆ ಹರಿದು ಕಾಂತಕ್ಷೇತ್ರವಾಗಿ ಅರಳಿ, ಅಲ್ಲಿಂದ ಮತ್ತೆ ಕೆಪಾಸಿಟರಿಗೆ ಮರಳುವ ಈ ತೂಗಾಟದ ಕಾಲಪ್ರಮಾಣವನ್ನು ವಿಲಿಯಂ ಥಾಮ್ಸನ್ ಮಹಾಶಯನು 1853ರಷ್ಟು ಹಿಂದೆಯೇ ಗಣಿತದಿಂದ ಸಾಧಿಸಿ ತೋರಿಸಿದನು. ಸುರುಳಿಯ ಪ್ರೇರಕತೆಯನ್ನೂ (ಇಂಡಕ್ಟೆನ್ಸ್) ಕೆಪಾಸಿಟರಿನ ಧಾರಕತೆಯನ್ನೂ (ಕೆಪಾಸಿಟೆನ್ಸ್) ಗುಣಿಸಿ, ಅದರ ವರ್ಗಮೂಲವನ್ನು ತೆಗೆದರೆ, ತೂಗಾಟದ ಅವಧಿ ಅದಕ್ಕೆ ಅನುಗುಣವಾಗಿ ಇರುತ್ತದೆ. ಎರಡರಲ್ಲಿ ಯಾವುದು ಹಿಗ್ಗಿದರೂ ಅವಧಿ ಹಿಗ್ಗಿ, ಸೆಕೆಂಡಿಗೆ ಆಗುವ ತೂಗಾಟಗಳ ಎಣಿಕೆಯಾದ ಆವರ್ತನ ಇಳಿಯುತ್ತದೆ, ಯಾವುದು ಕುಗ್ಗಿದರೂ ಏರುತ್ತದೆ. 1889ರಲ್ಲಿ ಆಲಿವರ್ ಲಾಡ್ಜ್ ಎಂಬ ವಿಜ್ಞಾನಿ ಕೆಪಾಸಿಟರಿನ ಹಳೆಯ ರೂಪವಾದ ಲೇಡನ್ ಜಾಡಿಗಳ ಎರಡು ವಿದ್ಯುನ್ಮಂಡಲಗಳನ್ನು ಒಂದೇ ಆವರ್ತನಕ್ಕೆ ಹೊಂದಿಸಿದಾಗ, ಒಂದರಲ್ಲಿ ಹಾರಿದ ಕಿಡಿಗೆ ಮುಟ್ಟದೆಯೇ ಇನ್ನೊಂದು ಮಿಡಿಯುವುದನ್ನು ತೋರಿಸಿದನು. ಒಂದು ವೀಣೆಯ ತಂತಿಯನ್ನು ಮೀಟಿದರೆ ಪಕ್ಕದಲ್ಲಿರುವ, ಅದೇ ಶ್ರುತಿಯ ಇನ್ನೊಂದು ವೀಣೆಯ ತಂತಿ ತಾನಾಗಿ ನುಡಿಯುವಂತೆ ನಡೆಯುವ ಈ ವ್ಯಾಪಾರವೇ ರೇಡಿಯೊ ಎಂಬ ಸಮಸ್ತ ವಿದ್ಯೆಯ ಬುನಾದಿ. ಶ್ರುತಿ ಸೇರದಿದ್ದರೆ ಆಕಾಶದಲ್ಲಿ ಎಷ್ಟು ನಿಲಯಗಳಿದ್ದರೂ ಕಿವಿಗೆ ದಕ್ಕುವುದು ಬರಿಯ ಗದ್ದಲ.

ಶ್ರುತಿ ಸೇರಬೇಕಾದುದು ಎಷ್ಟು ಸೂಕ್ಷ್ಮವಾಗಿ ಎಂಬುದನ್ನು ಒಂದು ಉದಾಹರಣೆಯಿಂದ ಕಾಣಬಹುದು. 12 ಮಿಲಿಮೀಟರ್ ಹೊರವ್ಯಾಸದ ಪ್ಲಾಸ್ಟಿಕ್ ಕೊಳವೆಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಎನಾಮಲ್ ತಂತಿಯನ್ನು ಒತ್ತಾಗಿ 30 ಸುತ್ತು ಸುತ್ತಿದರೆ, ಸುರುಳಿಯ ಉದ್ದ ಸುಮಾರು 15 ಮಿಲಿಮೀಟರ್ ಆಗಿ, ಅದರ ಪ್ರೇರಕತೆ ಸುಮಾರು ಆರೂವರೆ ಮೈಕ್ರೋಹೆನ್ರಿ ಬರುತ್ತದೆ. ಇದಕ್ಕೆ 80 ಪಿಕೋಫ್ಯಾರಡಿನ ಕೆಪಾಸಿಟರನ್ನು ಕೂಡಿಸಿದರೆ ಆ ಮಂಡಲವು 7 ಮೆಗಾಹರ್ಟ್ಸಿನ ಹತ್ತಿರ ಅನುರಣಿಸುತ್ತದೆ. ನಮ್ಮ ದೇಶದ ಹವ್ಯಾಸಿ ರೇಡಿಯೊ ಮಂದಿಗೆ ಈ ಆವರ್ತನಗಳ ಪಟ್ಟಿಯಲ್ಲಿ ಸಲ್ಲುವ ಜಾಗ 7.0ರಿಂದ 7.2 ಮೆಗಾಹರ್ಟ್ಸ್ ತನಕ, ಎಂದರೆ 200 ಕಿಲೋಹರ್ಟ್ಸ್ ಅಗಲ ಮಾತ್ರ. ಆದರೆ ಸುತ್ತುವಾಗ ಒಂದೇ ಒಂದು ಸುತ್ತು ತಪ್ಪಿದರೂ ಆವರ್ತನ ಸುಮಾರು 140 ಕಿಲೋಹರ್ಟ್ಸ್ ಸರಿಯುತ್ತದೆ. ಅಂಗಡಿಯಿಂದ ತಂದ ಕೆಪಾಸಿಟರ್ ತನ್ನ ಮೇಲೆ ಬರೆದ ಅಳತೆಗಿಂತ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇದ್ದರೆ ಇನ್ನೂ 175 ಕಿಲೋಹರ್ಟ್ಸ್ ಸರಿಯುತ್ತದೆ. ಕೈ ಎಷ್ಟು ನುರಿತದ್ದಾದರೂ, ಲೆಕ್ಕ ಎಷ್ಟು ನಿಷ್ಕೃಷ್ಟವಾದರೂ, ಮನೆಯಲ್ಲಿ ಮಾಡಿದ ಕಾಯಿಲು ಮೊದಲನೆಯ ಸಲಕ್ಕೆ ತನ್ನ ನೆಲೆಯಲ್ಲಿ ನಿಲ್ಲುವುದು ದುರ್ಲಭ. ತಿರುಪಿನ ಪ್ರವೇಶ ಆಗುವುದು ಇಲ್ಲಿ.

ವಿರೋಧದಿಂದ ಆಗುವ ಉಪಕಾರ

ಸುರುಳಿಯ ಒಳಗೆ ಕಬ್ಬಿಣದ ಪುಡಿಯಿಂದಲೋ ಫೆರೈಟಿನಿಂದಲೋ ಮಾಡಿದ ತಿರುಳನ್ನು ಇಳಿಸಿದರೆ ಅದು ಕಾಂತಕ್ಷೇತ್ರವನ್ನು ತನ್ನೊಳಗೆ ಬರಮಾಡಿಕೊಂಡು ಬಲಪಡಿಸುತ್ತದೆ, ಪ್ರೇರಕತೆ ಏರುತ್ತದೆ. ಹಿತ್ತಾಳೆಯ ಸ್ವಭಾವ ಇದಕ್ಕೆ ವಿಪರೀತವಾದುದು. ಅದು ಅಯಸ್ಕಾಂತಕ್ಕೆ ಒಲಿಯುವ ಲೋಹವಲ್ಲ, ಆದರೆ ವಿದ್ಯುತ್ತನ್ನು ಹರಿಯಗೊಡುವ ಲೋಹ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ನಿಯಮದಂತೆ, ಬದಲಾಗುತ್ತಿರುವ ಕಾಂತಕ್ಷೇತ್ರದಲ್ಲಿ ಇಂತಹ ಲೋಹವನ್ನು ಇಟ್ಟರೆ ಅದರ ಮೈಯಲ್ಲಿ ವಿದ್ಯುತ್ಪ್ರವಾಹ ಹುಟ್ಟುತ್ತದೆ. 1834ರಲ್ಲಿ ಹೈನ್ರಿಕ್ ಲೆಂಜ್ ತಿಳಿಸಿದಂತೆ, ಹಾಗೆ ಹುಟ್ಟಿದ ಪ್ರವಾಹವು ತನ್ನ ಹುಟ್ಟಿಗೆ ಕಾರಣವಾದ ಬದಲಾವಣೆಯನ್ನೇ ಎದುರಿಸುತ್ತದೆ. ತಿರುಪಿನ ಸುತ್ತ ಉಂಗುರದಂತೆ ಸುಳಿಯುವ ಈ ಪ್ರವಾಹವು ಸುರುಳಿಯ ಕಾಂತಕ್ಷೇತ್ರವನ್ನು ತಾನಿರುವ ಜಾಗದಿಂದ ಹೊರಕ್ಕೆ ನೂಕುತ್ತದೆ. ಕ್ಷೇತ್ರಕ್ಕೆ ಉಳಿದ ಜಾಗ ಕಿರಿದಾದಷ್ಟೂ ಪ್ರೇರಕತೆ ಇಳಿದು, ಆವರ್ತನ ಏರುತ್ತದೆ. ಮೇಷ್ಟ್ರು ‘ಹೆಚ್ಚಾಗಿದೆ’ ಎಂದದ್ದು ಈ ಪ್ರೇರಕತೆಯನ್ನೇ. ಹಿತ್ತಾಳೆ ಅದನ್ನು ತಗ್ಗಿಸಿದೊಡನೆ ಧ್ವನಿ ಏರುತ್ತಿದ್ದಿತು.

ಈ ಸುಳಿಪ್ರವಾಹವು ಲೋಹದ ಒಡಲಿನೊಳಕ್ಕೆ ಇಳಿಯುವುದಿಲ್ಲ ಎಂಬುದು ಗಮನಿಸತಕ್ಕ ಸಂಗತಿ. 7 ಮೆಗಾಹರ್ಟ್ಸಿನಲ್ಲಿ ಅದು ತಾಮ್ರದಲ್ಲಿ ಸುಮಾರು 25 ಮೈಕ್ರಾನ್ ಆಳದವರೆಗೆ, ಹಿತ್ತಾಳೆಯಲ್ಲಿ ಸುಮಾರು 50 ಮೈಕ್ರಾನ್ ಆಳದವರೆಗೆ ಮಾತ್ರ ಬಲವಾಗಿರುತ್ತದೆ. 50 ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಆದುದರಿಂದ ತುಂಬು ತಿರುಪು ಮಾಡುವ ಕೆಲಸವನ್ನು ಅದೇ ಹೊರವ್ಯಾಸದ ಪೊಳ್ಳು ಹಿತ್ತಾಳೆಯ ಕೊಳವೆಯೂ ಮಾಡುತ್ತದೆ. ಮೇಲ್ಮೈ ಶುಭ್ರವಾಗಿರುವುದೇ ಇಲ್ಲಿ ಮುಖ್ಯ. ಒಳಗೆ ಏನಿದೆಯೆಂದು ವಿದ್ಯುತ್ತು ವಿಚಾರಿಸುವುದೇ ಇಲ್ಲ.

ಹಾಗಾದರೆ ಹಿತ್ತಾಳೆಯೇ ಏಕಾಗಬೇಕು? ತಾಮ್ರವು ವಿದ್ಯುತ್ತಿಗೆ ಇನ್ನೂ ಸುಗಮವಾದ ದಾರಿ. ಸಾಮಾನ್ಯ ಹಿತ್ತಾಳೆಯ ರೋಧ ಅದರ ಸುಮಾರು ನಾಲ್ಕರಷ್ಟು. ಆದರೆ ತಾಮ್ರ ಮೆದು. ಅದರಲ್ಲಿ ಕೊರೆದ ತಿರುಪಿನ ಎಳೆಗಳು ಬೇಗ ಸವೆಯುತ್ತವೆ, ತಾಮ್ರದ ತಿರುಪುಗಳು ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವುದೂ ಇಲ್ಲ. ಅಲ್ಯೂಮಿನಿಯಂ ಹಗುರವೂ ಉತ್ತಮ ವಾಹಕವೂ ಹೌದು, ಆದರೆ ಅದಕ್ಕೆ ಸಾಧಾರಣ ಬೆಸುಗೆ ಹಿಡಿಯುವುದಿಲ್ಲ. ಉಕ್ಕಿನ ತಿರುಪಂತೂ ಸರ್ವಥಾ ವರ್ಜ್ಯ. ಅದು ಕಾಂತಕ್ಷೇತ್ರವನ್ನು ಸೆಳೆದುಕೊಂಡು ಶಾಖವಾಗಿ ಕಳೆದು, ಕಾಯಿಲಿನ ಶ್ರುತಿಯ ಹರಿತವನ್ನೇ ಮೊಂಡು ಮಾಡುತ್ತದೆ. ತಾಮ್ರಕ್ಕೆ ಸತುವನ್ನು ಬೆರೆಸಿ ಎರಕ ಹೊಯ್ದ ಹಿತ್ತಾಳೆಯಾದರೋ ತಿರುಪಿನ ಎಳೆಗಳನ್ನು ಗಟ್ಟಿಯಾಗಿ ಉಳಿಸಿಕೊಳ್ಳುತ್ತದೆ, ತುಕ್ಕು ಹಿಡಿಯುವುದಿಲ್ಲ, ಬೆಸುಗೆಗೆ ಒಗ್ಗುತ್ತದೆ. ನಮ್ಮ ಅಜ್ಜಿಯರು ಹುಣಿಸೆಹಣ್ಣು ಹಚ್ಚಿ ಬೆಳಗಿದ ಕೊಡ ತಂಬಿಗೆಗಳ ಲೋಹವೇ ಇಲ್ಲಿ ಆಕಾಶದ ಅಲೆಗಳನ್ನು ತಿದ್ದುತ್ತದೆಂದು ನೆನೆದಾಗಲೆಲ್ಲ ನನಗೆ ಆ ಲೋಹದ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಹಿತ್ತಾಳೆಯ ಬಣ್ಣ ಬಳಿಸಿಕೊಂಡ ಉಕ್ಕಿನ ತಿರುಪುಗಳೂ ಪೇಟೆಯಲ್ಲಿವೆ. ಕೊಳ್ಳುವಾಗ ಜೇಬಿನಲ್ಲಿ ಚಿಕ್ಕದೊಂದು ಅಯಸ್ಕಾಂತ ಇರಲಿ. ಅದಕ್ಕೆ ಅಂಟಿಕೊಂಡ ತಿರುಪನ್ನು ಅಲ್ಲಿಯೇ ಬಿಟ್ಟು ಬರಬೇಕು.

ತಿರುಪಿನ ಗಾತ್ರ, ಕೈಯ ಹದ

ತಿರುಪು ದಪ್ಪವಾದಷ್ಟೂ ಅದರ ಪ್ರಭಾವ ಹೆಚ್ಚುವುದು ವ್ಯಾಸಕ್ಕೆ ಅನುಗುಣವಾಗಿ ಅಲ್ಲ, ವ್ಯಾಸದ ವರ್ಗಕ್ಕೆ ಅನುಗುಣವಾಗಿ. ಮೇಲೆ ಹೇಳಿದ ಕಾಯಿಲಿನಲ್ಲಿ 6 ಮಿಲಿಮೀಟರಿನ ತಿರುಪನ್ನು ಪೂರ್ತಿ ಇಳಿಸಿದರೆ ಅದು ಒಳಗಿನ ವಿಸ್ತೀರ್ಣದ ಕಾಲುಭಾಗಕ್ಕೆ ಸಮೀಪದ ಜಾಗವನ್ನು ಆಕ್ರಮಿಸುತ್ತದೆ. ಸ್ಥೂಲವಾದ ಲೆಕ್ಕದಲ್ಲಿ ಆವರ್ತನವು ಏಳರಿಂದ ಎಂಟು ಮೆಗಾಹರ್ಟ್ಸಿನ ಸಮೀಪಕ್ಕೆ ಏರುತ್ತದೆ. ಅದರ ಬದಲಿಗೆ 3 ಮಿಲಿಮೀಟರಿನ ತಿರುಪನ್ನು ಇಳಿಸಿದರೆ ಅದು ಆಕ್ರಮಿಸುವುದು ಹದಿನೇಳರಲ್ಲಿ ಒಂದು ಪಾಲನ್ನು. ಆವರ್ತನ ಏರುವುದು ನೂರಕ್ಕೆ ಮೂರರಷ್ಟು, ಎಂದರೆ ಸುಮಾರು 200 ಕಿಲೋಹರ್ಟ್ಸ್, ನಮ್ಮ ಪಟ್ಟಿಯ ಅಗಲಕ್ಕೆ ಸರಿಸುಮಾರು ಒಪ್ಪುವಷ್ಟು. ಇದಲ್ಲದೆ 3 ಮಿಲಿಮೀಟರ್ ತಿರುಪಿನ ಎಳೆಗಳ ಅಂತರ ಅರ್ಧ ಮಿಲಿಮೀಟರ್ ಆದುದರಿಂದ, 15 ಮಿಲಿಮೀಟರ್ ಇಳಿಯಲು ಅದು ಮೂವತ್ತು ಸಲ ತಿರುಗಬೇಕು. ಒಂದೊಂದು ತಿರುಗಿಗೆ ಸರಾಸರಿ ಏಳು ಕಿಲೋಹರ್ಟ್ಸ್. ದಪ್ಪ ತಿರುಪು ಒಂದೇ ತಿರುಗಿನಲ್ಲಿ ಅರವತ್ತಕ್ಕೂ ಹೆಚ್ಚು ಕಿಲೋಹರ್ಟ್ಸ್ ಜಿಗಿದು ಕೈಗೆ ಸಿಕ್ಕದೆ ನುಣುಚಿಕೊಂಡರೆ, ಸಣ್ಣ ತಿರುಪು ಹಿಡಿ ಬೆಲ್ಲ ಕರಗಿದಂತೆ ಮೆಲ್ಲಮೆಲ್ಲನೆ ಸಾಗುತ್ತದೆ. ಬೆಲೆಬಾಳುವ ಗಾಲಿಗಳ ಜೋಡಣೆಯಿಂದ ಸಾಧಿಸುವ ನಯವನ್ನು ಒಂದು ಸಾಧಾರಣ ತಿರುಪಿನ ಎಳೆಗಳು ತಮ್ಮಲ್ಲಿಯೇ ಇಟ್ಟುಕೊಂಡಿವೆ.

ಕಟ್ಟುವ ಕ್ರಮವೂ ಕಷ್ಟದ್ದಲ್ಲ. ತಾಮ್ರದ ಹೊದಿಕೆಯ ಹಲಗೆಗೆ ರಂಧ್ರ ಕೊರೆದು, ಅದರ ಮೇಲೆ ಹಿತ್ತಾಳೆಯ ನಟ್ಟನ್ನು ಬೆಸೆದರೆ ತಿರುಪಿಗೆ ಆಸರೆಯೂ ಆಯಿತು, ಭೂಸಂಪರ್ಕವೂ ಆಯಿತು; ಬೆರಳು ಮುಟ್ಟಿದೊಡನೆ ಆವರ್ತನ ಓಲಾಡುವ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ. ಒಂದೇ ನಟ್ಟಿನಲ್ಲಿ ತಿರುಪು ಅಲುಗುತ್ತದೆಂದು ಕಂಡರೆ, ಎರಡು ನಟ್ಟುಗಳನ್ನು ಕೊಂಚ ದೂರದಲ್ಲಿ ಬೆಸೆದು ನಡುವೆ ಸ್ಪ್ರಿಂಗ್ ಇಡುವುದುಂಟು. ನಲ್ಲಿ ಕೆಲಸದವರು ಬಳಸುವ ಬಿಳಿಯ ಟೇಪನ್ನು ಎಳೆಗಳಿಗೆ ಸುತ್ತುವವರೂ ಉಂಟು, ಆದರೆ ಆಗ ವಿದ್ಯುತ್ ಸಂಪರ್ಕ ಕಡಿಯದಂತೆ ನೋಡಿಕೊಳ್ಳಬೇಕು. ಬೇಕಾದ ಆವರ್ತನಗಳನ್ನು ಮಾತ್ರ ಹಾಯಗೊಡುವ ಫಿಲ್ಟರಿನಲ್ಲಿ ಒಂದು ಸಲ ಹೊಂದಿಸಿ ಬಿಡುವ ತಿರುಪಾದರೆ, ಹೊಂದಿಸುವಾಗ ಬಿದಿರಿನ ಕಡ್ಡಿಯನ್ನು ಕೆತ್ತಿ ಮಾಡಿದ ಸ್ಕ್ರೂಡ್ರೈವರೇ ಒಳ್ಳೆಯದು. ಶ್ರುತಿ ಕೂಡಿದ ಮೇಲೆ ಜೇನುಮೇಣದ ಒಂದು ಹನಿ ಅದನ್ನು ವರ್ಷಗಟ್ಟಲೆ ಕದಲಗೊಡುವುದಿಲ್ಲ.

ಹಿತ್ತಾಳೆ ಬಿಸಿಲಿಗೆ ಹಿಗ್ಗಿ ಶ್ರುತಿ ಕೆಡುವುದಿಲ್ಲವೇ ಎಂದು ಕೇಳಬಹುದು. 20 ಮಿಲಿಮೀಟರ್ ಹಿತ್ತಾಳೆ ಒಂದು ಡಿಗ್ರಿ ಶಾಖಕ್ಕೆ ಹಿಗ್ಗುವುದು ಸುಮಾರು 0.0004 ಮಿಲಿಮೀಟರ್, ಇದರಿಂದ ಬರುವ ವ್ಯತ್ಯಾಸ ಗಣನೆಗೆ ಬಾರದು. ನಿಜವಾಗಿ ಅಲೆದಾಡುವವು ಪ್ಲಾಸ್ಟಿಕ್ ಕೊಳವೆ, ಅಗ್ಗದ ಕೆಪಾಸಿಟರ್, ಬಿಸಿಯಾಗುವ ಟ್ರಾನ್ಸಿಸ್ಟರ್. ಹಿತ್ತಾಳೆಯ ದೋಷ ಬೇರೊಂದಿದೆ, ಅದನ್ನು ಮುಚ್ಚಿಡಲಾಗದು: ಸುಳಿಪ್ರವಾಹ ಹರಿಯುವಾಗ ಕೊಂಚ ಶಕ್ತಿಯನ್ನು ಅದು ಶಾಖವಾಗಿ ಕಳೆಯುತ್ತದೆ, ಅಷ್ಟರಮಟ್ಟಿಗೆ ಅನುರಣನೆಯ ತೀಕ್ಷ್ಣತೆ ತಗ್ಗುತ್ತದೆ. ಆದುದರಿಂದ ತಿರುಪು ಸುರುಳಿಯ ಅಕ್ಷದಲ್ಲಿ, ತಂತಿಯಿಂದ ದೂರವಾಗಿ, ಅವಶ್ಯವಿದ್ದಷ್ಟು ಮಾತ್ರ ಇಳಿದಿರಬೇಕು. ದೊಡ್ಡ ತಪ್ಪನ್ನು ಸುತ್ತುಗಳ ಎಣಿಕೆಯಿಂದಲೇ ತಿದ್ದಿಕೊಂಡು ಚಿಕ್ಕ ತಪ್ಪನ್ನು ಮಾತ್ರ ತಿರುಪಿಗೆ ಒಪ್ಪಿಸುವುದು ವಿವೇಕ. ತಂಬೂರಿಯನ್ನು ಶ್ರುತಿ ಮಾಡುವವರು ಮೊದಲು ಬಿರಡೆಯನ್ನು ತಿರುಗಿಸಿ ತಂತಿಯನ್ನು ಸ್ವರದ ಸಮೀಪಕ್ಕೆ ತಂದು, ಆಮೇಲೆ ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸಿ ಸ್ವರವನ್ನು ಕೂಡಿಸುತ್ತಾರಷ್ಟೆ. ಬಿರಡೆಯ ಕೆಲಸವನ್ನು ಮಣಿಯಿಂದ ಮಾಡಿಸಲು ಯಾರೂ ಹೋಗುವುದಿಲ್ಲ.

ಒಂದೇ ತಿರುಪು, ಎರಡು ಮುಖ

ಇದುವರೆಗೆ ಹೇಳಿದುದು ಕಾಂತಕ್ಷೇತ್ರದ ನಡುವೆ ನಿಂತ ತಿರುಪಿನ ಮಾತು. ಅದೇ ತಿರುಪನ್ನು ವಿದ್ಯುತ್ ಕ್ಷೇತ್ರ ದಟ್ಟವಾಗಿರುವೆಡೆಗೆ ತಂದರೆ ಅದರ ನಡತೆ ತಲೆಕೆಳಗಾಗುತ್ತದೆ. ನೂರಾರು ಮೆಗಾಹರ್ಟ್ಸಿನ ಫಿಲ್ಟರುಗಳಲ್ಲಿ, ಲೋಹದ ಡಬ್ಬಿಯೊಳಗೆ ಒಂದು ತುದಿ ಭೂಮಿಗೆ ಬೆಸೆದು ಇನ್ನೊಂದು ತುದಿ ತೆರೆದಿರುವ ಸುರುಳಿಯನ್ನು ನಿಲ್ಲಿಸುತ್ತಾರೆ. ತೆರೆದ ತುದಿಯೆಡೆಗೆ ಡಬ್ಬಿಯ ಮುಚ್ಚಳದಿಂದ ತಿರುಪನ್ನು ಇಳಿಸಿದರೆ, ಅವೆರಡರ ನಡುವೆ ಚಿಕ್ಕದೊಂದು ಕೆಪಾಸಿಟರ್ ಏರ್ಪಟ್ಟಂತಾಗಿ ಧಾರಕತೆ ಹೆಚ್ಚುತ್ತದೆ. ಆವರ್ತನ ಏರುವ ಬದಲು ಇಳಿಯುತ್ತದೆ. ಇನ್ನೂ ಮೇಲೆ, ಸಾವಿರಾರು ಮೆಗಾಹರ್ಟ್ಸಿನ ಮೈಕ್ರೋವೇವ್ ಲೋಕದಲ್ಲಿ, ವಿದೇಶದ ಹವ್ಯಾಸಿಗಳು ನೀರಿನ ಕೊಳಾಯಿಯ ತಾಮ್ರದ ಮುಚ್ಚಳಗಳನ್ನು ಹಲಗೆಯ ಮೇಲೆ ಬೋರಲಾಗಿ ಬೆಸೆದು, ನಡುನೆತ್ತಿಯಿಂದ ಹಿತ್ತಾಳೆಯ ತಿರುಪನ್ನು ಇಳಿಬಿಟ್ಟು, ಬಹು ಅಚ್ಚುಕಟ್ಟಾದ ಫಿಲ್ಟರುಗಳನ್ನು ಮಾಡಿಕೊಂಡಿದ್ದಾರೆ. ಅಲ್ಲಿ ತಿರುಪೇ ಅನುರಣಿಸುವ ಸಲಾಕೆ, ಅದು ಉದ್ದವಾದಷ್ಟೂ ಆವರ್ತನ ಕೆಳಗೆ. ಇಂತಹ ಅತಿಹ್ರಸ್ವ ಅಲೆಗಳನ್ನು ಲೋಕದಲ್ಲಿ ಮೊದಲು ಪಳಗಿಸಿದವರಲ್ಲಿ ನಮ್ಮ ಆಚಾರ್ಯ ಜಗದೀಶಚಂದ್ರ ಬೋಸರು ಅಗ್ರಗಣ್ಯರು. 1895ರಲ್ಲಿಯೇ ಅವರು ಕಲ್ಕತ್ತೆಯಲ್ಲಿ ಅವುಗಳ ಪ್ರಯೋಗವನ್ನು ಜನರೆದುರು ಮಾಡಿ ತೋರಿಸಿದ್ದರು.

ಫಿಲ್ಟರೆಂದರೆ ಒಂದು ಮಂಡಲವಲ್ಲ, ಒಂದನ್ನೊಂದು ನೆಮ್ಮಿದ ಮೂರು ನಾಲ್ಕು ಮಂಡಲಗಳ ಸಾಲು. ಒಂದರ ತಿರುಪನ್ನು ತಿರುಗಿಸಿದರೆ ಇನ್ನೊಂದರ ಶ್ರುತಿಯೂ ಕೆಡುವಂತೆ ತೋರುವುದರಿಂದ ಹೊಸಬರು ಇಲ್ಲಿ ಎದೆಗುಂದುತ್ತಾರೆ. ಈ ಗೊಂದಲಕ್ಕೆ ಮಿಲ್ಟನ್ ಡಿಶಲ್ ಎಂಬ ಇಂಜಿನಿಯರು 1951ರಲ್ಲಿ ಸೊಗಸಾದ ದಾರಿಯೊಂದನ್ನು ತೋರಿಸಿಕೊಟ್ಟನು. ಮೊದಲನೆಯದನ್ನು ಉಳಿದು ಮಿಕ್ಕೆಲ್ಲ ಮಂಡಲಗಳನ್ನು ಶ್ರುತಿಯಿಂದ ದೂರ ತಳ್ಳಿ, ಮೊದಲನೆಯ ಮಂಡಲದ ವೋಲ್ಟೇಜನ್ನು ಅಳೆಯುತ್ತ, ಅದರ ತಿರುಪನ್ನು ಅಳತೆ ಗರಿಷ್ಠವಾಗುವವರೆಗೆ ತಿರುಗಿಸಬೇಕು. ಬಳಿಕ ಎರಡನೆಯದನ್ನು ಅದೇ ಅಳತೆ ಕನಿಷ್ಠವಾಗುವವರೆಗೆ, ಮೂರನೆಯದನ್ನು ಮತ್ತೆ ಗರಿಷ್ಠವಾಗುವವರೆಗೆ, ಹೀಗೆ ಒಂದಾದ ಮೇಲೊಂದು. ಹಿಂದೆ ಹೊಂದಿಸಿದುದನ್ನು ಮತ್ತೆ ಮುಟ್ಟಬೇಕಾಗಿಲ್ಲ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೊರಟವನು ಏನನ್ನೂ ತಿದ್ದಲಾರನೆಂಬ ಲೋಕಾನುಭವಕ್ಕೆ ಇದು ಗಣಿತದ ಸಾಕ್ಷಿಯಂತಿದೆ.

ಇರುವುದರಿಂದ ಮಾಡುವ ವಿದ್ಯೆ

ಕನ್ನಡಿಗರಿಗೆ ರೇಡಿಯೊ ಎಂಬುದು ಬರಿಯ ಸರಕಾರದ ಸೊತ್ತಾಗಿ ಬಂದುದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ನಿಲಯವನ್ನು ತೆರೆದರು. ಅಲ್ಲಿ ಚಾಲ್ತಿಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು. ವಿದ್ಯುತ್ತಿನ ಶಾಸ್ತ್ರವನ್ನು ವೃತ್ತಿಯಾಗಿ ಕಲಿಯದ ಮನುಷ್ಯನೊಬ್ಬನು ಸ್ವಂತ ಆಸಕ್ತಿಯ ಬಲದಿಂದ ಆಕಾಶಕ್ಕೆ ಮಾತು ಕೊಟ್ಟ ಆ ಪ್ರಸಂಗ, ಮನೆಯಲ್ಲಿ ಕುಳಿತು ತಂತಿ ಸುತ್ತುವ ಪ್ರತಿಯೊಬ್ಬನಿಗೂ ಮೇಲ್ಪಂಕ್ತಿ. ನಮ್ಮ ಕಾಲದಲ್ಲಿ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಬಿಟ್‌ಎಕ್ಸ್ ಎಂಬ ಹೆಸರಿನ ಹವ್ಯಾಸಿ ರೇಡಿಯೊವನ್ನು ರೂಪಿಸುವಾಗ, ಪರದೇಶದ ದುಬಾರಿ ತಿರುಳುಗಳನ್ನು ಅರಸಿ ಹೋಗದೆ, ನಲ್ಲಿಗೆ ಹಾಕುವ ವಾಷರುಗಳ ಮೇಲೆಯೇ ಕಾಯಿಲುಗಳನ್ನು ಸುತ್ತಲು ಹೇಳಿಕೊಟ್ಟರು. ಆ ರೇಡಿಯೊವನ್ನು ಅನೇಕ ದೇಶಗಳ ಹವ್ಯಾಸಿಗಳು ತಮ್ಮ ಕೈಯಾರೆ ಕಟ್ಟಿಕೊಂಡರು. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ ಕೆಪಾಸಿಟರುಗಳನ್ನು ಕೊಂಡು, ಹಾರ್ಡ್‌ವೇರ್ ಅಂಗಡಿಯಲ್ಲಿ ಹಿಡಿ ಹಿತ್ತಾಳೆಯ ತಿರುಪುಗಳನ್ನು ತೂಗಿಸಿಕೊಂಡು ಮನೆಗೆ ಬರುವವನು ಇದೇ ಪರಂಪರೆಗೆ ಸೇರಿದವನು. ನಲ್ಲಿಯ ವಾಷರು, ಕೊಳಾಯಿಯ ಮುಚ್ಚಳ, ಬಾಗಿಲ ಚಿಲಕದ ತಿರುಪು—ಇವು ಯಾವುವೂ ರೇಡಿಯೊಗೆಂದು ಹುಟ್ಟಿದ ವಸ್ತುಗಳಲ್ಲ. ಪ್ರಕೃತಿಯ ನಿಯಮವು ವಸ್ತುವಿನ ಗುಣವನ್ನು ನೋಡುತ್ತದೆಯೇ ಹೊರತು, ಅದನ್ನು ಯಾವ ಅಂಗಡಿಯಲ್ಲಿ ಮಾರಿದರೆಂದು ನೋಡುವುದಿಲ್ಲ.

ನಾನು ಮೊದಲ ಸಲ ಕಾಯಿಲು ಸುತ್ತಿದಾಗ ಲೆಕ್ಕವನ್ನು ಹತ್ತು ಸಲ ಪರೀಕ್ಷಿಸಿ, ಸುತ್ತುಗಳನ್ನು ನಿಖರವಾಗಿ ಎಣಿಸಿ, ಅದು ತಿರುಪಿಲ್ಲದೆಯೇ ತನ್ನ ನೆಲೆಯಲ್ಲಿ ನಿಲ್ಲಬೇಕೆಂದು ಹಟ ತೊಟ್ಟಿದ್ದೆ. ಅದು ನಿಂತುದು ಬೇಕಾದ ಆವರ್ತನಕ್ಕಿಂತ ಮೇಲೆ. ಹಿತ್ತಾಳೆಯನ್ನು ಇಳಿಸಿದೆ, ಆವರ್ತನ ಇನ್ನೂ ಮೇಲಕ್ಕೆ ಹೋಯಿತು. ಆಗ ವಯಸ್ಸಾಗಿ ಅಂಗಡಿ ಮುಚ್ಚಿ ಮನೆಯಲ್ಲಿದ್ದ ಮೇಷ್ಟ್ರ ಬಳಿಗೆ ಕಾಯಿಲನ್ನು ಒಯ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗಿ ಸುತ್ತಿದ್ದೀಯ ಮಗು. ಆದರೆ ಹಿತ್ತಾಳೆಗೆ ತಗ್ಗಿಸುವುದು ಗೊತ್ತು, ಹೆಚ್ಚಿಸುವುದು ಗೊತ್ತಿಲ್ಲ. ಇನ್ನೆರಡು ಸುತ್ತು ಜಾಸ್ತಿ ಹಾಕು; ಮಿಕ್ಕಿದ್ದನ್ನು ಅದು ನೋಡಿಕೊಳ್ಳುತ್ತೆ” ಎಂದರು.

ಆ ಮಾತಿನ ಆಳ ನನಗೆ ವರ್ಷಗಳು ಕಳೆದಂತೆ ತಿಳಿಯುತ್ತ ಬಂದಿದೆ. ಮನುಷ್ಯನ ಕೈ ತಪ್ಪದೆ ಇರಲಾರದು. ಆದರೆ ತಪ್ಪುವುದಾದರೆ ಯಾವ ಕಡೆಗೆ ತಪ್ಪಿದರೆ ತಿದ್ದಿಕೊಳ್ಳಬಹುದೋ ಆ ಕಡೆಗೆ ತಪ್ಪುವಂತೆ ಮೊದಲೇ ಯೋಚಿಸಿ ಕೆಲಸ ತೊಡಗುವುದು, ಮತ್ತು ತಿದ್ದುವ ತಿರುಪಿಗೆ ಮೊದಲೇ ಎಡೆ ಬಿಟ್ಟಿರುವುದು, ಕರ್ಮಕುಶಲರ ಲಕ್ಷಣ. ಬಡಗಿ ಹಲಗೆಯನ್ನು ಗೆರೆಯ ಆಚೆಗೆ ಕೊಯ್ದು ಆಮೇಲೆ ಉಜ್ಜುಗೊರಡು ಹಾಕುವುದೂ, ದರ್ಜಿ ಹೊಲಿಗೆಯ ಒಳಗೆ ಬಟ್ಟೆಯನ್ನು ಮಡಿಸಿಟ್ಟಿರುವುದೂ ಇದೇ ತಿಳಿವಳಿಕೆಯಿಂದ. ನಾನು ಅಂದು ಮನೆಗೆ ಬಂದು, ಮೂವತ್ತರ ಬದಲಿಗೆ ಮೂವತ್ತೆರಡು ಸುತ್ತು ಸುತ್ತಿದೆ. ರಾತ್ರಿ ಊಟವಾದ ಮೇಲೆ ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು, ಬಿದಿರಿನ ಕಡ್ಡಿಯಿಂದ ತಿರುಪನ್ನು ಎಳೆಯೆಳೆಯಾಗಿ ಇಳಿಸುತ್ತ ಹೋದೆ. ನೊರೆಯಂತಹ ಸದ್ದಿನ ನಡುವಿನಿಂದ, ಯಾರೋ ಅಪರಿಚಿತರು ತಮ್ಮೂರಿನಲ್ಲಿ ಬಿದ್ದ ಮಳೆಯ ವಿಚಾರ ಹೇಳುತ್ತಿದ್ದ ಧ್ವನಿ ಮೊದಲು ಕೀರಲಾಗಿ, ಆಮೇಲೆ ಮನುಷ್ಯನ ಕಂಠವಾಗಿ ತಿಳಿಯಾಯಿತು. ಕೈಯನ್ನು ಅಲ್ಲಿಗೇ ನಿಲ್ಲಿಸಿದೆ. ಮೇಣದ ಹನಿಯನ್ನು ಆ ರಾತ್ರಿ ಹಾಕಲಿಲ್ಲ. ಬೆಳಗಿನ ತಂಪಿಗೆ ಇನ್ನೊಂದು ಎಳೆ ತಿರುಗಿಸಬೇಕಾದೀತೆಂದು ಹಾಗೆಯೇ ಬಿಟ್ಟೆ.